ಕಂದೂರ ಹಾಕಿದ ಹುಡುಗ ನಮ್ಮವನೇ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಬ್ಬರು ದುಬೈಯಲ್ಲಿ ಕೆಲಸ ಮಾಡುವ ನಮ್ಮ ಕೊಡಗಿನ ಹುಡುಗನ ಬಗ್ಗೆ ಬರೆದಿದ್ದರು. ಡಿಸೆಂಬರ್ 2ರಂದು ಅವನು ಅರಬರ ಬಿಳಿ ನಿಲುವಂಗಿಯಾದ ಕಂದೂರ ಹಾಕಿ, ತಲೆಗೆ ಘುತ್ರ ಎಂಬ ಬಟ್ಟೆ ಹೊದ್ದು, ಕಪ್ಪು ಹಗ್ಗದಂಥ ಅಗಾಲ್ ಇಟ್ಟುಕೊಂಡು ನಿಂತ ಫೋಟೋ ನಮ್ಮ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡಿತು. ಪತ್ರ ಬರೆದವರು ಅವನನ್ನು ದುಡ್ಡಿಗಾಗಿ ವೇಷ ಬದಲಿಸುವವರ ಸಾಲಿಗೆ ಸೇರಿಸಿದ್ದಾರೆ. ವಾಟ್ಸಾಪ್‌ನಲ್ಲಿ ಬಂದ ಮಾತುಗಳು ಇದಕ್ಕಿಂತ ಕೆಟ್ಟದಾಗಿದ್ದವು, ಅವನ್ನು ಇಲ್ಲಿ ಬರೆಯಲಾರೆ.

ಆ ಹುಡುಗನ ತಾಯಿ ನನ್ನ ಪಕ್ಕದ ಊರಿನವರು. ಪ್ರತಿ ಶುಕ್ರವಾರ ಮಡಿಕೇರಿ ಸಂತೆಗೆ ಕಿತ್ತಳೆ, ಗಾಂಧಾರಿ ಮೆಣಸು, ಕೆಸವು ತಂದು ಮಾರುತ್ತಾರೆ. ಕಳೆದ ಎರಡು ಶುಕ್ರವಾರ ಅವರು ಸಂತೆಗೆ ಬರಲಿಲ್ಲ. ಯಾರೋ ಅವರ ಬುಟ್ಟಿಯ ಮುಂದೆ ನಿಂತು, 'ನಿನ್ನ ಮಗ ಶೇಖ್ ಆಗಿದ್ದಾನಂತಲ್ಲ, ನಿನಗ್ಯಾಕೆ ಈ ವ್ಯಾಪಾರ' ಎಂದು ಜೋರಾಗಿ ಕೇಳಿದರಂತೆ. ಸುತ್ತ ಇದ್ದವರು ನಕ್ಕರಂತೆ. ಇದು ಕಾಫಿ ಕೊಯ್ಲಿನ ಸಮಯ. ಬೆಳಗಿನಿಂದ ತೋಟದಲ್ಲೇ ಇರುತ್ತೇನೆ, ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ ಮುಚ್ಚುವಷ್ಟರಲ್ಲಿ ಕತ್ತಲಾಗುತ್ತದೆ. ಆದರೂ ಇದನ್ನು ಬರೆಯದೆ ನಿದ್ದೆ ಬರುತ್ತಿಲ್ಲ. ಪತ್ರ ಉದ್ದವಾಗಬಹುದು, ದಯವಿಟ್ಟು ಕತ್ತರಿಸಬೇಡಿ.

ನಾನು 1995ರಿಂದ 2017ರವರೆಗೆ ಒಮಾನ್‌ನ ನಿಜ್ವಾದಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದೆ. ಮಸ್ಕತ್‌ನಿಂದ ಒಂದೂವರೆ ಗಂಟೆಯ ದಾರಿ. ಸುತ್ತ ಬೋಳು ಬೆಟ್ಟ, ನಡುವೆ ಖರ್ಜೂರದ ತೋಟ, ಊರ ಮಧ್ಯೆ ದೊಡ್ಡ ಗುಂಡಗಿನ ಬುರುಜು ಇರುವ ಹಳೆಯ ಕೋಟೆ. ಅಲ್ಲಿಯೂ ಶುಕ್ರವಾರವೇ ಸಂತೆ. ಆಡುಗಳನ್ನು ಹಿಡಿದುಕೊಂಡು ಮಾರುವವರು ಸುತ್ತು ಹಾಕುತ್ತಾರೆ, ಕೊಳ್ಳುವವರು ಸುತ್ತ ಕೂತು ಬೆಲೆ ಕೂಗುತ್ತಾರೆ. ಮೊದಲ ವರ್ಷ ಆ ಗದ್ದಲದ ನಡುವೆ ನಿಂತಾಗ ನನಗೆ ಮಡಿಕೇರಿ ಸಂತೆ ನೆನಪಾಗಿ ಅಳು ಬಂದಿತ್ತು.

ಅರಬರ ಬಟ್ಟೆ ಎಂದು ಇಲ್ಲಿ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅಲ್ಲಿ ಹಾಗಿಲ್ಲ. ದುಬೈ ಇರುವ ದೇಶವಾದ ಎಮಿರೇಟ್ಸ್‌ನವರ ಕಂದೂರಕ್ಕೆ ಕಾಲರ್ ಇರುವುದಿಲ್ಲ, ಕತ್ತಿನಿಂದ ಎದೆಯವರೆಗೆ ಉದ್ದದ ಒಂದು ಗೊಂಡೆ ಇಳಿಬಿದ್ದಿರುತ್ತದೆ. ಸೌದಿಯವರ ತೋಬ್‌ಗೆ ಶರ್ಟಿನ ಹಾಗೆ ಕಾಲರ್ ಇರುತ್ತದೆ. ಒಮಾನಿಗಳದ್ದು ದಿಶ್ದಾಶ. ಅದರ ಕತ್ತಿನ ಹತ್ತಿರ ಫುರಾಖ ಎಂಬ ಚಿಕ್ಕ ಗೊಂಡೆ ಇರುತ್ತದೆ, ಬೆಳಿಗ್ಗೆ ಅದನ್ನು ಅತ್ತರಿನಲ್ಲಿ ಅದ್ದಿಕೊಂಡು ಹೊರಡುತ್ತಾರೆ. ಎಮಿರೇಟ್ಸ್, ಸೌದಿಯವರು ತಲೆಗೆ ಬಟ್ಟೆ ಹೊದ್ದು ಮೇಲೆ ಅಗಾಲ್ ಇಡುತ್ತಾರೆ. ಅದು ಹಿಂದೆ ಒಂಟೆಯ ಕಾಲು ಕಟ್ಟುವ ಹಗ್ಗವಾಗಿತ್ತು ಎಂದು ಅಲ್ಲಿನ ಹಿರಿಯರು ಹೇಳುತ್ತಿದ್ದರು. ಒಮಾನಿಗಳಿಗೆ ಅಗಾಲ್ ಇಲ್ಲ. ಅವರದ್ದು ಕಸೂತಿ ಹಾಕಿದ ಕುಮ್ಮ ಎಂಬ ಟೋಪಿ, ದೊಡ್ಡ ದಿನಗಳಲ್ಲಿ ಮಸ್ಸರ್ ಎಂಬ ಮುಂಡಾಸು. ಒಳ್ಳೆಯ ಮಸ್ಸರ್‌ನ ಉಣ್ಣೆ ನಮ್ಮ ಕಾಶ್ಮೀರದ್ದು. ದಿಶ್ದಾಶಕ್ಕೆ ಒಳ್ಳೆಯ ಬಟ್ಟೆ ಎಂದರೆ ಜಪಾನ್‌ನದ್ದು. ಹೊಲಿಯುವ ಟೈಲರ್‌ಗಳು ಹೆಚ್ಚಿನವರು ಬಾಂಗ್ಲಾದೇಶ, ಪಾಕಿಸ್ತಾನ, ಭಾರತದವರು. ಒಂದು ವರ್ಷ ಕಳೆಯುವಷ್ಟರಲ್ಲಿ ದೂರದಿಂದ ಬರುವವನನ್ನು ನೋಡಿಯೇ ಯಾವ ದೇಶದವನು ಎಂದು ಹೇಳುವಷ್ಟು ನನಗೆ ಗೊತ್ತಾಗಿತ್ತು. ಸೀರೆಯ ನೆರಿಗೆ ಹಿಂದಕ್ಕಿದ್ದರೆ ಯಾರ ಮನೆಯ ಹೆಣ್ಣು ಎಂದು ನಮಗೆ ಇಲ್ಲಿ ತಿಳಿಯುವುದಿಲ್ಲವೇ, ಹಾಗೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಅಲ್ಲಿ ಬಟ್ಟೆಯೇ ಗುರುತು. ಎಮಿರೇಟ್ಸ್‌ನಲ್ಲಿ ಹತ್ತು ಜನರಲ್ಲಿ ಸುಮಾರು ಒಬ್ಬರು ಮಾತ್ರ ಆ ದೇಶದ ಪ್ರಜೆಗಳು. ಉಳಿದವರೆಲ್ಲ ನಮ್ಮ ಹಾಗೆ ಹೊಟ್ಟೆಪಾಡಿಗೆ ಹೋದವರು. ತಮ್ಮ ಊರಿನಲ್ಲೇ ತಾವು ಕಡಿಮೆ ಜನ. ರಸ್ತೆಯಲ್ಲಿ ತಮ್ಮವರು ಯಾರು ಎಂದು ಹುಡುಕಿದರೆ ಕಣ್ಣಿಗೆ ಬೀಳುವುದು ಆ ಬಿಳಿ ಬಟ್ಟೆಯೊಂದೇ. ಅದನ್ನು ಅವರು ಎಷ್ಟು ಜೋಪಾನ ಮಾಡುತ್ತಾರೆ ಎನ್ನುವುದು ಬೇರೆ ಯಾರಿಗಲ್ಲದಿದ್ದರೂ ಕೊಡಗಿನವರಿಗೆ ಅರ್ಥವಾಗಬೇಕು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಬೆಂಗಳೂರಿನ ಒಂದು ಮೂಲೆಗೆ ಸಾಲದಷ್ಟು ಜನ ನಾವು. ಅದರಲ್ಲಿ ಕುಪ್ಯಚೇಲೆ, ಅಂದರೆ ಕೊಡವರ ನಿಲುವಂಗಿ ಮತ್ತು ಸೊಂಟಕ್ಕೆ ಸುತ್ತುವ ಪಟ್ಟಿ, ತೊಡುವವರು ಇನ್ನೂ ಕಡಿಮೆ. ಸಣ್ಣ ಜನಕ್ಕೆ ಬಟ್ಟೆ ಬರಿ ಬಟ್ಟೆಯಲ್ಲ ಎನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ನನ್ನ ಅರ್ಬಾಬ್, ಅಂದರೆ ಯಜಮಾನರು, ಕಟ್ಟಡದ ಕಂಟ್ರಾಕ್ಟರ್. ಮನೆಯಲ್ಲಿ ಅವರ ವಯಸ್ಸಾದ ತಾಯಿ ಇದ್ದರು. ಪ್ರತಿ ಸಲ ರಜೆ ಮುಗಿಸಿ ಹೋಗುವಾಗ ನಾನು ಅವರಿಗೆ ನಮ್ಮ ತೋಟದ ಏಲಕ್ಕಿ ಒಯ್ಯುತ್ತಿದ್ದೆ. ಅಲ್ಲಿನ ಗಹ್ವಾ, ಅಂದರೆ ಅವರ ಕಾಫಿ, ಏಲಕ್ಕಿ ಇಲ್ಲದೆ ಆಗುವುದಿಲ್ಲ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಗ್ವಾಟೆಮಾಲದ್ದು. ನಮ್ಮದನ್ನು ಆ ಅಜ್ಜಿ ಅಂಗೈಯಲ್ಲಿ ಉಜ್ಜಿ ಮೂಸಿ, ಬೇರೆ ಡಬ್ಬದಲ್ಲಿ ಎತ್ತಿಡುತ್ತಿದ್ದರು. ನೆಂಟರು ಬಂದಾಗ ಮಾತ್ರ ಆ ಡಬ್ಬ ಹೊರಗೆ ಬರುತ್ತಿತ್ತು. ಮೊದಲು ಖರ್ಜೂರ, ಆಮೇಲೆ ಹಿಡಿಯಿಲ್ಲದ ಚಿಕ್ಕ ಬಟ್ಟಲಿನಲ್ಲಿ ಗಹ್ವಾ. ಸಾಕು ಎನ್ನಬೇಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ನನಗೆ ಇದನ್ನು ಕಲಿಸಿದ್ದೂ ಅವರೇ.

2004ರಲ್ಲಿ ಆ ಮನೆಯ ಹಿರಿಯ ಮಗನ ಮದುವೆ. ಹದಿನೈದು ದಿನ ಮೊದಲು ಅರ್ಬಾಬ್ ನನ್ನನ್ನು ಟೈಲರ್ ಹತ್ತಿರ ಕರೆದುಕೊಂಡು ಹೋದರು. ಚಿತ್ತಗಾಂಗ್ ಕಡೆಯವನು ಆ ಟೈಲರ್. ನನ್ನ ಅಳತೆ ತೆಗೆದುಕೊಳ್ಳುತ್ತಾ ಹಿಂದಿಯಲ್ಲಿ ಮೆಲ್ಲಗೆ, 'ಅದೃಷ್ಟವಂತ, ನನಗೆ ಇಪ್ಪತ್ತು ವರ್ಷದಲ್ಲಿ ಯಾರೂ ಹೊಲಿಸಿಲ್ಲ' ಎಂದ. ಸಾವಿರಾರು ದಿಶ್ದಾಶ ಹೊಲಿದ ಕೈ ಅದು. ಅವನ ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ.

ಮದುವೆಯ ದಿನ ಬೆಳಿಗ್ಗೆ ದಿಶ್ದಾಶ ಹಾಕಿ, ಒಳಗೆ ವಿಝಾರ್ ಎಂಬ ಲುಂಗಿ ಉಟ್ಟು, ಅಂಗಡಿಯಲ್ಲಿ ಕೊಂಡ ಕುಮ್ಮ ಇಟ್ಟುಕೊಂಡು ಅಂಗಳಕ್ಕೆ ಬಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುಮ್ಮ ತೆಗೆಯಲು ಹೇಳಿದರು. ಮೆಷಿನ್ ಹೊಲಿಗೆಯದ್ದು ಹಾಕಿಕೊಂಡು ನನ್ನ ಮೊಮ್ಮಗನ ಮದುವೆಗೆ ಬರುತ್ತೀಯಾ ಎಂದು ಗದರಿದರು. ಒಳಗಿಂದ ಕೈಹೊಲಿಗೆಯದ್ದು ಒಂದನ್ನು ತರಿಸಿ ತಾವೇ ನನ್ನ ತಲೆಗೆ ಇಟ್ಟರು. ಆ ಟೋಪಿಯ ತೂತುತೂತಿನ ಕಸೂತಿ ಮುಗಿಸಲು ಮನೆಯ ಹೆಂಗಸರಿಗೆ ತಿಂಗಳುಗಟ್ಟಲೆ ಬೇಕು.

ಆಮೇಲೆ ಅರ್ಬಾಬ್ ಮತ್ತು ಅವರ ಮಕ್ಕಳು ಸೊಂಟಕ್ಕೆ ಖಂಜರ್ ಕಟ್ಟಿಕೊಂಡರು. ಬೆಳ್ಳಿಯ ಒರೆ, ಬಾಗಿದ ತುದಿ, ಸರಿಯಾಗಿ ಹೊಟ್ಟೆಯ ನಡುವೆ. ಒಮಾನ್‌ನ ಬಾವುಟದ ಮೇಲಿರುವುದೂ ಅದೇ. ನಾನು ನೋಡುತ್ತಾ ನಿಂತಿದ್ದೆ. ಅರ್ಬಾಬ್ ನನ್ನ ಕಣ್ಣು ನೋಡಿ, 'ಇದನ್ನು ನಿನಗೆ ಕೊಡಲು ಆಗುವುದಿಲ್ಲ, ಇದು ನನ್ನ ಅಪ್ಪನದು' ಎಂದರು. ನನಗೆ ಒಂದು ಚೂರೂ ಬೇಸರವಾಗಲಿಲ್ಲ. ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ಪೆಟ್ಟಿಗೆಯಲ್ಲಿ ನನ್ನ ಅಜ್ಜನ ಪೀಚೆಕತ್ತಿ ಇದೆ, ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಅದು. ಬೆಳ್ಳಿ ಸರಪಳಿಯದ್ದು. ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಯ ಜೊತೆ ಅದನ್ನೂ ಇಟ್ಟು ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಅದನ್ನು ಕಂಡವರಿಗೆಲ್ಲ ಕೊಡುತ್ತೇವೆಯೇ? ಅವರು ಹೇಳಿದ್ದು ನನಗೆ ನನ್ನ ಭಾಷೆಯಲ್ಲೇ ಹೇಳಿದ ಹಾಗೆ ಅರ್ಥವಾಯಿತು. ಸಂಜೆ ಗಂಡಸರು ಎರಡು ಸಾಲಾಗಿ ನಿಂತು, ಡೋಲಿನ ಲಯಕ್ಕೆ ಪದ ಹೇಳುತ್ತಾ, ಕತ್ತಿ ಬೀಸುತ್ತಾ ಕುಣಿದರು. ನಾನೂ ಸಾಲಿನ ತುದಿಯಲ್ಲಿ ನಿಂತೆ. ವಾಲಗಕ್ಕೆ ಕುಣಿದು ಬೆಳೆದ ಕಾಲು ತಾನಾಗಿ ಎದ್ದಿತು.

ಆ ದಿಶ್ದಾಶವನ್ನು ನಾನು ಆಮೇಲೆ ಮನೆಯ ಮದುವೆಗಳಿಗೆ, ಈದ್ ದಿನ ಅವರ ನೆಂಟರ ಮನೆಗಳಿಗೆ ಹೋಗುವಾಗ, ಆಗ ನವೆಂಬರ್ 18ಕ್ಕೆ ಇದ್ದ ಅವರ ರಾಷ್ಟ್ರೀಯ ದಿನಕ್ಕೆ ಹಾಕಿದ್ದೇನೆ. ಪೇಟೆಗೆ ಒಂದು ದಿನವೂ ಹಾಕಿಕೊಂಡು ಹೋಗಲಿಲ್ಲ. ಕಚೇರಿಗೆ, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ ಹಾಕಿಕೊಂಡು ಹೋಗಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಅದು ಸರಿಯಲ್ಲ ಎಂದು ನನಗೇ ಅನ್ನಿಸಿತ್ತು.

ಹಾಗೆ ಹಾಕಿಕೊಂಡು ಹೋದ ಒಬ್ಬನನ್ನು ನಾನು ಕಂಡಿದ್ದೇನೆ. ನನ್ನ ರೂಮಿನಲ್ಲೇ ಇದ್ದವನು, ಕರಾವಳಿ ಕಡೆಯವನು, ಕಟ್ಟಡದ ಕೆಲಸ. ಒಂದು ಕಾಗದಕ್ಕೆ ಸೀಲು ಹಾಕಿಸಲು ಒಂದು ಕಚೇರಿಗೆ ಮೂರು ದಿನ ಅಲೆದ. ಯಾವ ಕಚೇರಿ ಎನ್ನುವುದು ಬೇಡ. ನೀಲಿ ಕವರಾಲ್, ಸಿಮೆಂಟ್ ಹಿಡಿದ ಬೂಟು, ಜೂನ್ ತಿಂಗಳ ಬಿಸಿಲು. ಹೊರಗೆ ಸಾಲು. ಹಿಂದೆ ಬಂದವರೆಲ್ಲ ಮುಂದೆ ಹೋದರು. ಮೂರನೆಯ ದಿನ ಕಿಟಕಿ ಮುಚ್ಚಿದ ಮೇಲೆ ಕಾವಲಿನವನು, 'ರಫೀಕ್, ಅಂದರೆ ಗೆಳೆಯಾ, ನಾಳೆ ಬಾ' ಎಂದನಂತೆ. ನಾಲ್ಕನೆಯ ದಿನ ಇವನು ಯಾರದೋ ಹಳೆಯ ದಿಶ್ದಾಶ ಇಸ್ತ್ರಿ ಮಾಡಿ, ಕುಮ್ಮ ಇಟ್ಟುಕೊಂಡು ಹೋದ. ಬಾಗಿಲಲ್ಲಿ ಯಾರೂ ತಡೆಯಲಿಲ್ಲ. ಕಾವಲಿನವನೇ ಸಲಾಂ ಹೇಳಿದ. ಒಳಗೆ ಕೂರಿಸಿದರು. ಕೌಂಟರಿನಲ್ಲಿ ಅರಬಿಯಲ್ಲಿ ಕುಶಲ ಕೇಳಿದಾಗ ಇವನಿಗೆ ಉತ್ತರ ಬರಲಿಲ್ಲ. ಅಲ್ಲಿನ ಕುಶಲ ಒಂದು ಮಾತಿಗೆ ಮುಗಿಯುವುದಿಲ್ಲ, ಮನೆ, ಮಕ್ಕಳು, ಆರೋಗ್ಯ ಎಂದು ಎರಡು ನಿಮಿಷ ನಡೆಯುತ್ತದೆ. ಬತಾಕ, ಅಂದರೆ ಗುರುತಿನ ಚೀಟಿ, ಕೇಳಿದರು. ಅದನ್ನು ನೋಡಿದ ಮೇಲೆ ಅಧಿಕಾರಿ ಒಂದು ಮಾತೂ ಆಡಲಿಲ್ಲ. ಗೋಡೆಯ ಹತ್ತಿರ ನಿಲ್ಲು ಎಂದು ಕೈ ತೋರಿಸಿದರು. ಕಚೇರಿ ಮುಚ್ಚುವವರೆಗೆ ಅವನು ಆ ಬಿಳಿ ಬಟ್ಟೆಯಲ್ಲಿ ಎಲ್ಲರ ಮುಂದೆ ಗೋಡೆಗೆ ಒರಗಿ ನಿಂತಿದ್ದ. ರಾತ್ರಿ ರೂಮಿಗೆ ಬಂದು ಅದನ್ನು ಬಿಚ್ಚಿ ಮಡಚಿಟ್ಟವನು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಅವನು ಮಾಡಿದ್ದು ತಪ್ಪು. ತಾನಲ್ಲದವನಾಗಿ ತೋರಿಸಿಕೊಳ್ಳಲು ಇನ್ನೊಬ್ಬರ ಬಟ್ಟೆ ಹಾಕಬಾರದು. ಆದರೆ ಮೂರು ದಿನ ಬಿಸಿಲಿನಲ್ಲಿ ನಿಂತ ಮನುಷ್ಯನಿಗೆ ಕವರಾಲ್‌ನಲ್ಲಿ ಸಿಗದ ಮರ್ಯಾದೆ ದಿಶ್ದಾಶದಲ್ಲಿ ಸಿಕ್ಕಿತು ಎನ್ನುವುದೂ ನಿಜ. ಬಟ್ಟೆ ನೋಡಿ ಮನುಷ್ಯನ ಬೆಲೆ ಕಟ್ಟುವುದು ಅಲ್ಲಿಯೂ ಇದೆ. ಇಲ್ಲಿ ನಮ್ಮ ಲೈನ್‌ಮನೆಯ ಕೂಲಿಯವರು ಮಡಿಕೇರಿಯ ಕಚೇರಿಗಳಿಗೆ ಹೋದಾಗ ಏನಾಗುತ್ತದೆ ಎನ್ನುವುದೂ ನನಗೆ ಗೊತ್ತು. ಅವನ ತಪ್ಪಿಗಿಂತ ಆ ಮೂರು ದಿನಗಳೇ ನನ್ನನ್ನು ಇವತ್ತಿಗೂ ಜಾಸ್ತಿ ಕಾಡುತ್ತವೆ.

ಗೇಲಿಗಾಗಿ ಹಾಕುವವರು ಇನ್ನೊಂದು ಥರ. 2023ರ ಜುಲೈಯಲ್ಲಿ ಎಮಿರೇಟ್ಸ್‌ನಲ್ಲಿ ಏಷ್ಯಾದ ಒಬ್ಬ ನಿವಾಸಿ ಕಂದೂರ ಹಾಕಿಕೊಂಡು ದುಬಾರಿ ಕಾರಿನ ಶೋರೂಮಿಗೆ ನುಗ್ಗಿ, ನೋಟಿನ ಕಟ್ಟುಗಳನ್ನು ಹಂಚುತ್ತಾ ವಿಡಿಯೋ ಮಾಡಿದ. ಅಲ್ಲಿನ ಪ್ರಾಸಿಕ್ಯೂಷನ್ ಅವನನ್ನು ಬಂಧನದಲ್ಲಿಡಲು ಹೇಳಿತು. ತಮ್ಮ ಜನ ಹಣದ ಮದ ಏರಿದವರು ಎಂದು ತೋರಿಸಿದ್ದಾನೆ ಎನ್ನುವುದು ಅವರ ಸಿಟ್ಟು. ಜೈಲಿಗೆ ಹಾಕಬೇಕಿತ್ತೇ ಎಂದರೆ, ಅಷ್ಟು ಬೇಡವಿತ್ತು ಎನ್ನುತ್ತೇನೆ. ಆದರೆ ಅವರ ನೋವು ನನಗೆ ಗೊತ್ತಾಗುತ್ತದೆ. ನಮ್ಮ ಪ್ರವಾಸಿ ಜಾಗಗಳಲ್ಲಿ ಬಾಡಿಗೆಗೆ ಕುಪ್ಯಚೇಲೆ ಕೊಟ್ಟು ಫೋಟೋ ತೆಗೆಸುತ್ತಾರೆ. ಒಂದು ದಿನ ಒಬ್ಬ ಹುಡುಗ ಚಡ್ಡಿಯ ಮೇಲೆ ಕುಪ್ಯ ಹಾಕಿ, ಚೇಲೆಯನ್ನು ಕೊರಳಿಗೆ ಸುತ್ತಿಕೊಂಡು, ಒಂದು ಕೈಯಲ್ಲಿ ಬಿಯರ್ ಬಾಟಲಿ, ಇನ್ನೊಂದರಲ್ಲಿ ಪೀಚೆಕತ್ತಿ ಹಿಡಿದು ಗೆಳೆಯನ ಕತ್ತಿಗೆ ಇಟ್ಟು ನಗುತ್ತಿದ್ದ. ನನ್ನ ಎದೆಗೆ ಚುಚ್ಚಿದ ಹಾಗಾಯಿತು. ಅದೇ ಜಾಗದಲ್ಲಿ ಇನ್ನೊಂದು ದಿನ ಉತ್ತರ ಕರ್ನಾಟಕದ ಗಂಡಹೆಂಡತಿ ಬಂದಿದ್ದರು. ಚೇಲೆ ಯಾವ ಕಡೆಯಿಂದ ಸುತ್ತಬೇಕು, ಸೆರಗು ಯಾವ ಹೆಗಲಿಗೆ ಬರಬೇಕು ಎಂದು ಅಂಗಡಿಯವರನ್ನು ಕೇಳಿ ಕೇಳಿ ಉಟ್ಟುಕೊಂಡರು. ನಾನೇ ಹೋಗಿ ಮಂಡೆ ತುಣಿ ಸರಿ ಮಾಡಿ ಕೊಟ್ಟೆ. ಸಂತೋಷವಾಯಿತು. ಇಬ್ಬರೂ ಹೊರಗಿನವರೇ, ಬಟ್ಟೆ ಒಂದೇ.

ಕೇಳಿ ಹಾಕುವುದು, ಪೂರ್ತಿಯಾಗಿ ಹಾಕುವುದು, ಕೊಟ್ಟವರ ಎದುರು ಹಾಕುವುದು. ನನಗೆ ಗೊತ್ತಿರುವ ಕಟ್ಟಳೆ ಇಷ್ಟೇ. ಇದರ ಪ್ರಕಾರ ದುಬೈಯ ನಮ್ಮ ಹುಡುಗ ಮಾಡಿದ ತಪ್ಪೇನು? ಡಿಸೆಂಬರ್ 2 ಎಮಿರೇಟ್ಸ್‌ನ ರಾಷ್ಟ್ರೀಯ ದಿನ. ಅಲ್ಲಿನ ಭಾರತೀಯ ಶಾಲೆಗಳಲ್ಲೂ ಆ ದಿನದ ಆಚರಣೆಗೆ ಮಕ್ಕಳಿಗೆ ಕಂದೂರ ಹಾಕಿ ಕಳಿಸುತ್ತಾರೆ. ಅವನ ಕಂಪನಿಯ ಮಾಲೀಕರೇ ಎಲ್ಲ ದೇಶದ ಕೆಲಸಗಾರರಿಗೂ ಹೊಲಿಸಿ ಕೊಟ್ಟಿದ್ದರು ಎಂದು ಅವನ ತಾಯಿ ಹೇಳಿದರು. ಫೋಟೋ ನಾನೂ ನೋಡಿದ್ದೇನೆ. ಅವನ ಪಕ್ಕದಲ್ಲಿ ಒಬ್ಬ ಫಿಲಿಪೈನ್ಸ್‌ನವನು, ಒಬ್ಬ ಆಫ್ರಿಕಾದವನು, ನಡುವೆ ಮಾಲೀಕರು, ಎಲ್ಲರಿಗೂ ಒಂದೇ ಬಟ್ಟೆ. ನಮ್ಮವರು ಉಳಿದವರನ್ನೆಲ್ಲ ಕತ್ತರಿಸಿ ಅವನೊಬ್ಬನನ್ನೇ ಇಟ್ಟು ಕಳಿಸಿದ್ದಾರೆ.

ಆ ಬಟ್ಟೆ ಹಾಕಿದರೆ ಧರ್ಮವನ್ನೇ ಬಿಟ್ಟ ಹಾಗೆ ಎಂದು ಪತ್ರ ಬರೆದವರು ಇದಕ್ಕೆ ಧರ್ಮವನ್ನೂ ತಂದಿದ್ದಾರೆ. ಅದನ್ನು ಸ್ವಲ್ಪದರಲ್ಲೇ ಮುಗಿಸುತ್ತೇನೆ. ಕಂದೂರ, ದಿಶ್ದಾಶ ಆ ನೆಲದ ಬಟ್ಟೆ, ಬಿಸಿಲಿನ ಬಟ್ಟೆ. ಮಸ್ಕತ್‌ನ ಅರಮನೆಯ ಹತ್ತಿರ ಒಂದು ಶಿವನ ಗುಡಿ ಇದೆ. 2018ರ ಫೆಬ್ರವರಿಯಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಹೋಗಿದ್ದರು. ಎಷ್ಟೋ ಶಿವರಾತ್ರಿಗೆ ನಾನು ನಿಜ್ವಾದಿಂದ ಅಲ್ಲಿಗೆ ಹೋಗಿದ್ದೇನೆ, ಕಾರು ಕೊಟ್ಟು ಕಳಿಸಿದವರು ಅರ್ಬಾಬ್. ಗುಜರಾತಿನ ಕಚ್ಛ್ ಮೂಲದ ಕನಕ್‌ಸಿ ಖಿಮ್ಜಿ ಎಂಬ ಹಿಂದೂ ವ್ಯಾಪಾರಿಗೆ ಒಮಾನ್‌ನ ಆಗಿನ ದೊರೆ ಸುಲ್ತಾನ್ ಕಾಬೂಸ್ ಅವರು ಶೇಖ್ ಎಂಬ ಬಿರುದು ಕೊಟ್ಟಿದ್ದರು. ಅವರು 2021ರಲ್ಲಿ ತೀರಿಕೊಂಡರು, ಕೊನೆಯವರೆಗೂ ಹಿಂದೂವೇ. ನಾನು ಹದಿಮೂರು ವರ್ಷ ಅವರ ಬಟ್ಟೆ ಹಾಕಿದೆ, ನಮ್ಮ ಗುರುಕಾರೋಣರಿಗೆ, ಅಂದರೆ ಕುಲದ ಹಿರಿಯರಿಗೆ, ಮೀದಿ ಎಂಬ ಎಡೆ ಇಡುವುದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

ಬಲವಂತದ ಮಾತು ಬೇರೆ. ನನ್ನ ದೊಡ್ಡಪ್ಪನ ಮಗಳು ರಿಯಾದ್‌ನಲ್ಲಿ ನರ್ಸ್ ಆಗಿದ್ದಳು. ಆಸ್ಪತ್ರೆಯ ಗೇಟು ದಾಟಬೇಕಾದರೆ ಅಬಾಯ ಎಂಬ ಕಪ್ಪು ನಿಲುವಂಗಿ ಹಾಕಲೇಬೇಕಿತ್ತು. ಅವಳಿಗೆ ಅದು ಇಷ್ಟವಿರಲಿಲ್ಲ, ಇಷ್ಟವಿಲ್ಲದವರಿಗೆ ಹಾಕಿಸುವುದು ತಪ್ಪು. 2019ರಲ್ಲಿ ಪ್ರವಾಸಿಗಳಿಗೆ ವೀಸಾ ಕೊಡಲು ಶುರು ಮಾಡಿದಾಗ ಸೌದಿಯವರು ವಿದೇಶಿ ಹೆಂಗಸರಿಗೆ ಅಬಾಯ ಕಡ್ಡಾಯವಲ್ಲ ಎಂದರು. ಒಳ್ಳೆಯದಾಯಿತು.

ಮರ್ಯಾದೆಯಿಂದ ಹಾಕಿಸುವುದು ಹೇಗಿರುತ್ತದೆ ಎಂದು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. 2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್‌ನಲ್ಲಿ ವಿಶ್ವಕಪ್ ಎತ್ತುವ ಮೊದಲು ಮೆಸ್ಸಿಗೆ ಅಲ್ಲಿನ ಅಮೀರರು ಕಪ್ಪು ಬಿಷ್ತ್ ಹೊದಿಸಿದರು. ಯುರೋಪಿನ ಕೆಲವರು ಜೆರ್ಸಿ ಮುಚ್ಚಿಹೋಯಿತು ಎಂದು ಕೋಪ ಮಾಡಿಕೊಂಡರು. ಬಿಷ್ತ್ ಯಾರಿಗೆ, ಯಾವಾಗ ಹೊದಿಸುತ್ತಾರೆ ಎಂದು ಗೊತ್ತಿದ್ದರೆ ಹಾಗೆ ಹೇಳುತ್ತಿರಲಿಲ್ಲ. ಮದುಮಗನಿಗೆ, ದೊರೆಗೆ, ದೊಡ್ಡ ಅತಿಥಿಗೆ ಹೊದಿಸುವ ನಿಲುವಂಗಿ ಅದು. ನಾವು ಸನ್ಮಾನಕ್ಕೆ ಪೇಟ ಇಡುವುದಿಲ್ಲವೇ?

ಇನ್ನೊಬ್ಬರ ಕಥೆಯನ್ನು ನಿಜ್ವಾದ ಮುದುಕರು ಹೇಳುತ್ತಿದ್ದರು. ವಿಲ್ಫ್ರೆಡ್ ಥೆಸಿಗರ್ ಎಂಬ ಇಂಗ್ಲಿಷಿನವರು 1946ರಿಂದ 1948ರ ನಡುವೆ ಎರಡು ಸಲ ರುಬ್ ಅಲ್ ಖಾಲಿ ಮರುಭೂಮಿಯನ್ನು ಬೆದುಗಳ, ಅಂದರೆ ಮರಳುಗಾಡಿನ ಅಲೆಮಾರಿಗಳ, ಜೊತೆ ದಾಟಿದರು. ಅವರದೇ ಬಟ್ಟೆ ಹಾಕಿ, ಅವರ ಹಾಗೆ ಬರಿಗಾಲಲ್ಲಿ ನಡೆದು, ಅದೇ ಕಹಿ ನೀರು ಕುಡಿದರು. ಬೆದುಗಳು ಅವರಿಗೆ ಮುಬಾರಕ್ ಬಿನ್ ಲಂಡನ್ ಎಂದು ಹೆಸರಿಟ್ಟಿದ್ದರು. ಲಂಡನ್ನಿನ ಮಗ ಮುಬಾರಕ್. ಬಟ್ಟೆ ತಮ್ಮದು ಕೊಟ್ಟರೂ ಅವನ ಊರನ್ನು ಹೆಸರಿನಿಂದ ತೆಗೆಯಲಿಲ್ಲ ನೋಡಿ.

ಈಗ ನನ್ನ ಮನಸ್ಸಿನಲ್ಲಿ ನಿಜವಾಗಿ ಇರುವುದನ್ನು ಹೇಳುತ್ತೇನೆ.

2016ರ ಬೇಸಿಗೆಯಲ್ಲಿ ಎಮಿರೇಟ್ಸ್‌ನ ಒಬ್ಬರು ಚಿಕಿತ್ಸೆಗೆಂದು ಅಮೆರಿಕಕ್ಕೆ ಹೋಗಿದ್ದರು. ಓಹಾಯೋ ರಾಜ್ಯದ ಒಂದು ಹೋಟೆಲಿನಲ್ಲಿ ಕಂದೂರ ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದರು. ಭಯೋತ್ಪಾದಕ ಇರಬಹುದು ಎಂದು ದೂರು ಹೋಯಿತು. ಪೊಲೀಸರು ಬಂದೂಕು ತೋರಿಸಿ ನೆಲಕ್ಕೆ ಕೆಡವಿ ಕೈಗೆ ಬೇಡಿ ಹಾಕಿದರು. ಆ ಮನುಷ್ಯ ಅಲ್ಲೇ ಕುಸಿದರು. ಆಮೇಲೆ ಎಮಿರೇಟ್ಸ್ ಸರ್ಕಾರ ತನ್ನ ಪ್ರಜೆಗಳಿಗೆ, ಹೊರದೇಶಗಳಿಗೆ ಹೋದಾಗ ರಾಷ್ಟ್ರೀಯ ಉಡುಪು ಹಾಕಬೇಡಿ ಎಂದು ಹೇಳಬೇಕಾಯಿತು. ಅದು ಟಿವಿಯಲ್ಲಿ ಬಂದ ರಾತ್ರಿ ನಮ್ಮ ಅರ್ಬಾಬ್ ಮಜ್ಲಿಸ್‌ನಲ್ಲಿ, ಅಂದರೆ ನೆಂಟರನ್ನು ಕೂರಿಸುವ ಕೋಣೆಯಲ್ಲಿ, ಕೂತಿದ್ದರು. ಗಹ್ವಾ ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ ನನ್ನನ್ನು ಕೇಳಿದರು, 'ನಾನು ಹೀಗೇ ನಿನ್ನ ಊರಿಗೆ ಬಂದರೆ ನಿನ್ನ ಜನ ಏನು ಮಾಡುತ್ತಾರೆ?' ನಾನು ಯೋಚನೆಯನ್ನೂ ಮಾಡದೆ ಹೇಳಿದೆ, 'ಒಳಗೆ ಕರೆದು ಕಾಫಿ ಕೊಡುತ್ತಾರೆ.'

2019ರ ಡಿಸೆಂಬರ್‌ನಲ್ಲಿ ಅವರ ಆ ಹಿರಿಯ ಮಗ ನಿಜವಾಗಿಯೂ ಬಂದ. ಅರ್ಬಾಬ್‌ರ ಮಂಡಿ ನೋವಿಗೆ ಮಂಗಳೂರಿನಲ್ಲಿ ಚಿಕಿತ್ಸೆ, ಅವರು ಅಲ್ಲೇ ಆಸ್ಪತ್ರೆಯಲ್ಲಿದ್ದರು. ನನ್ನ ತಂಗಿಯ ಮಗಳ ಮದುವೆಗೆ ಅವನು ಸಂಪಾಜೆ ಘಾಟಿ ಹತ್ತಿ ಬಂದ. ಬರುವಾಗ ಪ್ಯಾಂಟು ಶರ್ಟು. ನಿನ್ನ ಬಟ್ಟೆ ಎಲ್ಲಿ ಎಂದೆ. ಬ್ಯಾಗಿನಲ್ಲಿದೆ, ಹಾಕಬಹುದೇ ಎಂದು ಕೇಳಿದ. ನನ್ನ ಊರಿನಲ್ಲಿ ಹೀಗೆ ಕೇಳಬೇಕಾಯಿತಲ್ಲ ಎಂದು ನನಗೆ ಬಹಳ ಕಷ್ಟವಾಯಿತು. ಹಾಕು ಎಂದೆ. ಶುಕ್ರವಾರ ಅವನನ್ನು ಮಡಿಕೇರಿ ಸಂತೆಗೆ ಕರೆದುಕೊಂಡು ಹೋದೆ. ದಿಶ್ದಾಶ, ಕುಮ್ಮ, ಅತ್ತರಿನ ಪರಿಮಳ. ಮಕ್ಕಳು ಹಿಂದೆ ಬಂದವು. ಒಬ್ಬ ಅಜ್ಜಿ ಕಿತ್ತಳೆ ಸುಲಿದು ಕೈಗೆ ಕೊಟ್ಟು, ದುಡ್ಡು ತೆಗೆದುಕೊಳ್ಳಲಿಲ್ಲ. ಜೀರಿಗೆ ಮೆಣಸು ಬಾಯಿಗೆ ಹಾಕಿಕೊಂಡು ಅವನು ಕಣ್ಣೀರು ಹಾಕಿದಾಗ ಇಡೀ ಸಾಲು ನೀರು ಹಿಡಿದುಕೊಂಡು ಓಡಿ ಬಂತು.

ಮದುವೆಯ ದಿನ ಪಂದಿ ಕರಿ, ಅಂದರೆ ಹಂದಿ ಮಾಂಸ, ಅವನಿಗೆ ಆಗುವುದಿಲ್ಲ ಎಂದು ಪಕ್ಕದ ಮಾಪಿಳ್ಳೆ ಮುಸ್ಲಿಮರ ಮನೆಯವರು ಕೋಳಿ ಕೊಯ್ದು ಕೊಟ್ಟರು, ನಮ್ಮ ಮನೆಯಲ್ಲಿ ನೂಪುಟ್ಟಿನ ಜೊತೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿದೆವು. ಅವನಿಗೆ ಕುಪ್ಯ ಹಾಕಿಸಬಹುದೇ ಎಂದು ನಾನು ಮಾವನನ್ನು ಕೇಳಿದೆ. ನಮ್ಮ ಕುಟುಂಬದಲ್ಲಿ ಅವರೇ ಹಿರಿಯರು, ಕಟ್ಟುನಿಟ್ಟಿನ ಮನುಷ್ಯ. ನಾನು ಅನುಮಾನದಿಂದಲೇ ಕೇಳಿದ್ದೆ. ಅವರು ಏನೂ ಹೇಳದೆ ತಮ್ಮ ಇನ್ನೊಂದು ಕಪ್ಪು ಕುಪ್ಯ ತರಿಸಿದರು. ನಡುಬಾಡೆಯ, ಅಂದರೆ ನಡುಮನೆಯ, ದೀಪದ ಮುಂದೆ ನಿಲ್ಲಿಸಿ ತಾವೇ ಚೇಲೆ ಸುತ್ತಿದರು. ಆಮೇಲೆ ತಮ್ಮ ಸೊಂಟದ ಪೀಚೆಕತ್ತಿ ತೆಗೆದು ಅವನ ಚೇಲೆಗೆ ಸಿಕ್ಕಿಸಿದರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಆ ಹುಡುಗ ತಲೆ ತಗ್ಗಿಸಿ ಅದನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. 2004ರ ಆ ಬೆಳಗು ಅವನಿಗೂ ನೆನಪಿತ್ತು. 'ನನ್ನ ಅಪ್ಪ ನಿಮಗೆ ಕೊಡಲಿಲ್ಲ' ಎಂದು ಮೆಲ್ಲಗೆ ಅರಬಿಯಲ್ಲಿ ಹೇಳಿದ. ಮಾವ ಏನಂತೆ ಎಂದು ಕೇಳಿದರು. ನಾನು ಹೇಳಿದೆ. ಮಾವ, 'ಅದು ಅವರ ಅಪ್ಪನದು, ಸರಿಯಾಗಿಯೇ ಹೇಳಿದ್ದಾರೆ. ಇದು ನನ್ನದು, ನಾನು ಕೊಡುತ್ತಿದ್ದೇನೆ, ಸಂಜೆ ವಾಪಸ್ ಕೊಡಲಿ' ಎಂದರು. ಸಂಜೆ ಅವನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ. ಕುಪ್ಯ ಹಾಕಿದ ಅವನ ಫೋಟೋ ನಿಜ್ವಾದ ಅವರ ಮಜ್ಲಿಸ್‌ನಲ್ಲಿ ಗೋಡೆಗೆ ತೂಗುಹಾಕಿದೆ. ಅಲ್ಲಿ ಯಾರೂ ಅವನನ್ನು ವೇಷಧಾರಿ ಎಂದು ಕರೆದಿಲ್ಲ.

ಅರ್ಬಾಬ್ ಈಗಲೂ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ನಿನ್ನ ಜನ ಹೇಗಿದ್ದಾರೆ ಎಂದು ಕೇಳುತ್ತಾರೆ. ಹೋದ ಸಲ ನನಗೆ ಬಾಯಿ ಬರಲಿಲ್ಲ. ಒಬ್ಬ ಅರಬ ಬಂದಾಗ ಕಿತ್ತಳೆ ಸುಲಿದು ಕೊಟ್ಟ ಸಂತೆಯಲ್ಲೇ, ಅರಬರ ಬಟ್ಟೆ ಹಾಕಿದ ನಮ್ಮದೇ ಹುಡುಗನ ತಾಯಿಯನ್ನು ಬುಟ್ಟಿ ಎತ್ತಿಕೊಂಡು ಹೋಗುವ ಹಾಗೆ ಮಾಡಿದ್ದೇವೆ ಎಂದು ನಾನು ಅವರಿಗೆ ಹೇಗೆ ಹೇಳಲಿ?

ಪತ್ರ ಬರೆದ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಆ ಹುಡುಗನ ನಂಬರ್ ಅವನ ತಾಯಿಯ ಹತ್ತಿರ ಇದೆ. ಒಂದು ಸಲ ಮಾತಾಡಿ. ಪೂರ್ತಿ ಫೋಟೋ ಕಳಿಸು ಎಂದು ಕೇಳಿ, ನೋಡಿ. ಗ್ರೂಪುಗಳಲ್ಲಿ ಕತ್ತರಿಸಿದ ಫೋಟೋ ಹಾಕಿದವರು ಇವತ್ತೇ ಅದನ್ನು ತೆಗೆಯಿರಿ.

ಬರುವ ಶುಕ್ರವಾರ ಆ ತಾಯಿ ಸಂತೆಗೆ ಬರುತ್ತಾರೆ. ನಾನು ಹೋಗಿ ಒಪ್ಪಿಸಿದ್ದೇನೆ. ಅವರ ಕಿತ್ತಳೆ ಬುಟ್ಟಿ ನನ್ನ ಜೀಪಿನಲ್ಲೇ ಬರುತ್ತದೆ, ಮಧ್ಯಾಹ್ನದವರೆಗೆ ನಾನು ಅವರ ಪಕ್ಕದಲ್ಲೇ ಕೂತಿರುತ್ತೇನೆ. ಆ ಹುಡುಗನ ಬಟ್ಟೆಯ ಬಗ್ಗೆ ಏನಾದರೂ ಹೇಳುವುದಿದ್ದರೆ ನನ್ನ ಹತ್ತಿರ ಹೇಳಿ.

– ಒಮಾನ್‌ನಿಂದ ಮರಳಿದ ಒಬ್ಬ ಡ್ರೈವರ್,
ಮೂರ್ನಾಡು, ಕೊಡಗು